ಒಂದು ಗೇಣಿನ ಬೇಟೆ

ಸೊಸೆ ನಮ್ಮ ಮನೆಗೆ ಬಂದ ಹೊಸದರಲ್ಲಿ ನಾನು ಅವಳನ್ನು ಕೇಳಿದ ಮೊದಲ ಪ್ರಶ್ನೆಯೇ ಇದು: "ಶಾರ್ಕಿನ ಹೊಟ್ಟೆ ಸೀಳಿ ನೋಡೋದಕ್ಕೂ ಸಂಬಳ ಕೊಡ್ತಾರಾ?"

"ಕೊಡ್ತಾರೆ ಅತ್ತೆ."

"ಅಯ್ಯೋ, ಮೂವತ್ತು ವರ್ಷದಿಂದ ಮೀನಿನ ಹೊಟ್ಟೆ ಪುಕ್ಕಟೆ ನೋಡ್ಕೊಂಡು ಬಂದಿದೀನಲ್ಲೇ ನಾನು!"

ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟು ನಕ್ಕಳು. ಅತ್ತೆ ಸೊಸೆ ನಡುವೆ ಬರಬಹುದಾದ ಜಗಳಗಳಲ್ಲಿ ಅರ್ಧ ಆ ನಗುವಿನಲ್ಲೇ ತೀರಿಹೋಯಿತು.

ನಮ್ಮದು ಮೀನು ಕೊಯ್ಯುವ ಕೆಲಸ. ದೋಣಿಗಳು ಮೀನು ಇಳಿಸುವ ಧಕ್ಕೆಗೆ ಅಂಟಿಕೊಂಡೇ ನಮ್ಮ ಶೆಡ್ಡು. ಅದರ ಅರ್ಧ ನೆಲದ ಮೇಲಿದೆ, ಉಳಿದರ್ಧ ಕಂಬಗಳ ಮೇಲೆ ನಿಂತು ನೀರಿನತ್ತ ಚಾಚಿಕೊಂಡಿದೆ. ಉದ್ದನೆಯ ಮೇಜಿನ ಎರಡೂ ಬದಿ ಎಂಟು ಹೆಂಗಸರು ನಿಂತು ಕೊಯ್ಯುತ್ತೇವೆ. ಹಿರಿಯಳು ನಾನು. ನನ್ನ ಪಕ್ಕದಲ್ಲಿ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ. ಕತ್ತಿ ಹಿಡಿಯುವುದು ಎಡಗೈಯಲ್ಲಿ, ಹಾಗಾಗಿ ಎಲ್ಲರ ಬಾಯಲ್ಲೂ ಎಡಚಿ. ಬೇರೆ ಹೆಸರಿಟ್ಟು ಕರೆದರೆ ತಿರುಗಿಯೂ ನೋಡುವುದಿಲ್ಲ. ನನ್ನ ಮಗನಿಗೊಂದು ಚಿಕ್ಕ ದೋಣಿ. ಸೊಸೆಗೆ ದಂಡೆಯ ರಸ್ತೆಯಲ್ಲಿ ಹತ್ತು ನಿಮಿಷ ನಡೆದರೆ ಸಿಗುವ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಮೂರು ವರ್ಷದ ಕರಾರು. ಕೊನೆಯಲ್ಲಿ ಒಳ್ಳೆಯ ವರದಿ ಕೊಟ್ಟರೆ ಕಾಯಂ ಮಾಡುತ್ತೇವೆ ಎಂದು ಅಲ್ಲಿನ ದೊಡ್ಡ ಸರ್ ಹೇಳಿದ್ದರು.

ಅವಳು ನೋಡುತ್ತಿದ್ದದ್ದು ದಂಡೆಯ ಹತ್ತಿರ ಬದುಕುವ ಸಣ್ಣ ಜಾತಿಯ ಶಾರ್ಕುಗಳನ್ನು. ಜನ ಹೆದರುವಂಥವಲ್ಲ ಇವು. ಪೂರ್ತಿ ಬೆಳೆದರೂ ಎರಡು ಮೊಳ, ಚೂಪು ಮೂಗು, ಬೂದಿ ಬಣ್ಣ, ತೋಳಿನಷ್ಟು ದಪ್ಪ. ಅವು ಏನು ತಿನ್ನುತ್ತವೆ, ಎಷ್ಟು ದೊಡ್ಡದನ್ನು ತಿನ್ನುತ್ತವೆ ಎನ್ನುವುದೇ ಅವಳ ಮೂರು ವರ್ಷದ ಕೆಲಸ. ಊಟಕ್ಕೆ ಕೂತಾಗ ಒಂದೊಂದೇ ಹೇಳುವಳು. ಮರಳಿನಡಿ ಏಡಿ ಅಲ್ಲಾಡದೆ ಕೂತಿದ್ದರೂ ಅದರ ಮೈಯಲ್ಲಿ ಹರಿಯುವ ಚೂರು ವಿದ್ಯುತ್ತು ಇವಕ್ಕೆ ಮೂಗಿನ ಸುತ್ತಲಿನ ರಂಧ್ರಗಳಲ್ಲಿ ಗೊತ್ತಾಗುತ್ತದಂತೆ. ಅಗಿಯುವುದಿಲ್ಲವಂತೆ, ಸಿಕ್ಕಿದ್ದನ್ನು ಇಡಿಯಾಗಿ ನುಂಗುವುದೇ ಹೆಚ್ಚಂತೆ. ಹಿಡಿಸದ್ದು ಒಳಗೆ ಹೋದರೆ ಇಡೀ ಜಠರವನ್ನೇ ಬಾಯಿಂದ ಹೊರಗೆ ತಳ್ಳಿ, ಕೊಡವಿ, ಮತ್ತೆ ಒಳಗೆಳೆದುಕೊಳ್ಳುತ್ತವಂತೆ.

"ಚೀಲ ಕೊಡವಿದ ಹಾಗೆ?" ಎಂದಳು ಎಡಚಿ.

"ಹಾಗೇ ಚಿಕ್ಕತ್ತೆ."

"ನಿನ್ನ ಚಿಕ್ಕಮಾವಂಗೂ ಆ ವಿದ್ಯೆ ಬಂದಿದ್ರೆ ಚೆನ್ನಾಗಿತ್ತು. ಮದುವೆಯೂಟ ಉಂಡು ಬಂದ್ರೆ ಮೂರು ದಿನ ನರಳ್ತಾರೆ."

ಬಲೆಗೆ ಬಿದ್ದ ಶಾರ್ಕು ಒದ್ದಾಡುತ್ತಾ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಬಿಡುತ್ತದೆ. ಹಾಗಾದರೆ ಸೊಸೆಯ ಕೆಲಸ ಕೆಟ್ಟಿತು. ಅದಕ್ಕೆ ನನ್ನ ಮಗ ಅವಳಿಗಾಗಿಯೇ ಒಂದು ಬಲೆ ಇಟ್ಟಿದ್ದ. ದೂರ ಹಾಕಿದರೆ ತರುವಷ್ಟರಲ್ಲಿ ಕಕ್ಕುತ್ತವೆ ಎಂದು ಧಕ್ಕೆಯ ಮಗ್ಗುಲಲ್ಲೇ ಹಾಕಿ, ಗಂಟೆಗೊಮ್ಮೆ ಎತ್ತಿ ನೋಡಿ, ಸಿಕ್ಕಿದ್ದರ ಬಾಯಿಗೆ ಹಗ್ಗ ಬಿಗಿದು ಓಡಿಹೋಗಿ ಕೊಟ್ಟು ಬರುತ್ತಿದ್ದ. ಹೆಂಡತಿಗೆ ಹೂವು ತಂದುಕೊಡುವ ಗಂಡಂದಿರನ್ನು ನೋಡಿದ್ದೇನೆ. ಬಾಯಿ ಕಟ್ಟಿದ ಶಾರ್ಕು ತಂದುಕೊಡುವವನನ್ನು ಅವನೊಬ್ಬನನ್ನೇ ನೋಡಿದ್ದು. ದೂರದ ದೋಣಿಯವರೂ ಆಗೊಂದು ಈಗೊಂದು ಕೊಡುತ್ತಿದ್ದರು. ಒಟ್ಟು ನೂರ ನಲವತ್ತು ಶಾರ್ಕುಗಳ ಹೊಟ್ಟೆಯಲ್ಲಿದ್ದದ್ದು ನೂರ ನಲವತ್ತು ಸೀಸೆ ಸೇರಿತು.

ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ಅವಳು ಕುಣಿಯುವುದೊಂದು ಬಾಕಿ. ಮೀನಿನ ತಲೆಯೊಳಗೆ ಕಿವಿಯ ಹತ್ತಿರ ಒಂದು ಬಿಳಿ ಕಲ್ಲಿರುತ್ತದೆ. ಮೀನು ಬೆಳೆದಂತೆ ಕಲ್ಲೂ ಬೆಳೆಯುತ್ತದೆ. ಮಾಂಸ ಕರಗಿಹೋದರೂ ಶಾರ್ಕಿನ ಹೊಟ್ಟೆಯಲ್ಲಿ ಕಲ್ಲು ಸ್ವಲ್ಪ ಕಾಲ ಉಳಿಯುವುದರಿಂದ, ಅದನ್ನು ಅಳೆದು ಮೀನು ಇಷ್ಟುದ್ದ ಇತ್ತು ಎಂದು ಹೇಳಬಹುದು. ಅವಳಿಗೆ ಇಪ್ಪತ್ತಾರು ಸೀಸೆಗಳಲ್ಲಿ ದೊಡ್ಡ ದೊಡ್ಡ ಕಲ್ಲು ಸಿಕ್ಕಿದ್ದವು. ನಾವು ಕಲ್ಲುತಲೆ ಎನ್ನುವ ಮೀನಿನವು, ಒಂದೂವರೆ ಮೊಳ ಉದ್ದದ ಮೀನಿನವು.

"ಎರಡು ಮೊಳದ ಶಾರ್ಕು ಒಂದೂವರೆ ಮೊಳದ ಮೀನನ್ನ ಹರಿದು ತಿನ್ನುತ್ತೆ ಅತ್ತೆ! ಇಷ್ಟು ದೊಡ್ಡ ಬೇಟೆ ಇವು ಆಡ್ತವೆ ಅಂತ ಯಾರೂ ಅಂದ್ಕೊಂಡಿರಲಿಲ್ಲ."

ನನಗೆ ಹೆಮ್ಮೆಯಾಯಿತು. ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತು ಕೂಡ, ಆದರೆ ಓದಿದವಳು ಹೇಳುವಾಗ ನಾನೇನು ಅಡ್ಡಬಾಯಿ ಹಾಕುವುದು ಎಂದು ಸುಮ್ಮನಾದೆ.

ಸುದ್ದಿ ಮೀನುಗಾರರ ಸಂಘದ ಅಧ್ಯಕ್ಷರ ಕಿವಿಗೆ ಬಿತ್ತು. ಎರಡು ವರ್ಷದಿಂದ ಕಲ್ಲುತಲೆ ಕಡಿಮೆಯಾಗಿತ್ತು. ಅವರಿಗೆ ಕಳ್ಳ ಸಿಕ್ಕಿದಂತಾಯಿತು. ಕೊಲ್ಲಿಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಅಡ್ಡ ಕಟ್ಟಿ, ಎರಡು ತಿಂಗಳು ಶಾರ್ಕುಗಳನ್ನೆಲ್ಲ ಬಳಿದು ತೆಗೆಯಬೇಕು ಎಂದರು. ಸಂಘದ ಸಭೆ ಕರೆದರು. ಸರ್ಕಾರದ ಅಪ್ಪಣೆ ಸಿಗಬೇಕಾದರೆ ಸಂಶೋಧನಾ ಕೇಂದ್ರದ ವರದಿ ಬೇಕು. ಆ ವರದಿ ಸೊಸೆಯದು. ದೊಡ್ಡ ಸರ್ ಸಹಿಯೂ ಹಾಕಿ ಆಗಿತ್ತು.

ಸಭೆಗೆ ನಾಲ್ಕು ದಿನ ಇದ್ದಾಗ ಅವಳು ಊಟದ ಡಬ್ಬಿ ಮನೆಯಲ್ಲೇ ಮರೆತು ಹೋದಳು. ಕೊಟ್ಟು ಬರೋಣವೆಂದು ಕೇಂದ್ರಕ್ಕೆ ಹೋದೆ. ಎರಡನೆಯ ಮಹಡಿಯ ಕೋಣೆ, ಕಿಟಕಿಯ ಉದ್ದಕ್ಕೂ ಮೇಜು, ಗೋಡೆಯ ತುಂಬ ಸೀಸೆ. ಪ್ರತಿ ಸೀಸೆಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ. ಪೆನ್ನಿನಲ್ಲಿ ಬರೆದರೆ ಸ್ಪಿರಿಟ್ಟಿಗೆ ಅಳಿಸಿಹೋಗುತ್ತದಂತೆ. ಯಾವ ದಿನ, ಯಾರ ಬಲೆ, ಎಲ್ಲಿ, ಎಷ್ಟು ಆಳ, ಎಲ್ಲವೂ ಅದರಲ್ಲಿ. ನಮ್ಮ ಶೆಡ್ಡನ್ನು ನಾನು ಅಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದೇನೆಯೇ ಎಂದು ನಾಚಿಕೆಯಾಯಿತು.

ಬೆಳಗ್ಗೆಯಷ್ಟೇ ಮಗ ಕೊಟ್ಟಿದ್ದ ಶಾರ್ಕನ್ನು ಅವಳು ಆಗ ತಾನೇ ಬಿಚ್ಚಿದ್ದಳು. ತಟ್ಟೆಯಲ್ಲಿ ಬೆರಳುದ್ದದ ಒಂದು ತುಂಡು, ಇನ್ನೂ ಕರಗದ್ದು.

"ನೋಡಿ ಅತ್ತೆ, ಮೂಳೆ ಎಷ್ಟು ನೀಟಾಗಿ ತುಂಡಾಗಿದೆ! ಏನು ಹಲ್ಲು ಅಂತೀರಿ!"

ನಾನು ನೋಡಿದೆ. ಕೈ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಕಲ್ಲುತಲೆಯ ತಲೆಬುರುಡೆಯ ಕಾಲು ಭಾಗ. ಮೂಳೆಯ ಮೇಲೆ ಬಲದಿಂದ ಎಡಕ್ಕೆ ಇಳಿಜಾರಾದ ಒಂದೇ ಏಟು, ಕೊನೆಯಲ್ಲಿ ಚರ್ಮದ ಒಂದು ಚಿಕ್ಕ ನಾಲಿಗೆ ಬಿಟ್ಟಿತ್ತು. ನಮ್ಮಲ್ಲಿ ಏಳು ಜನರ ಏಟು ಎಡದಿಂದ ಬಲಕ್ಕೆ ಇಳಿಯುತ್ತದೆ. ಚರ್ಮದ ನಾಲಿಗೆ ಬಿಡುವುದಂತೂ ಒಬ್ಬಳೇ. ಹದಿನೆಂಟು ವರ್ಷದಿಂದ ಅದಕ್ಕೆ ಅವಳನ್ನು ಬೈಯುತ್ತಿದ್ದೇನೆ.

ಅದು ಶಾರ್ಕಿನ ಹಲ್ಲಲ್ಲ. ಎಡಚಿಯ ಕತ್ತಿ.

ಡಬ್ಬಿ ಕೊಟ್ಟು, "ಊಟ ಮಾಡು, ಆರಿಹೋಗುತ್ತೆ," ಎಂದಷ್ಟೇ ಹೇಳಿ ಇಳಿದು ಬಂದೆ.

ಆಗಿದ್ದು ಇಷ್ಟು. ಕಲ್ಲುತಲೆಯ ತಲೆಯನ್ನು ಯಾರೂ ಕೊಳ್ಳುವುದಿಲ್ಲ, ಬರೀ ಮೂಳೆ. ತಲೆಗಳನ್ನು ಬಾಗಿಲ ಬಳಿಯ ಡ್ರಮ್ಮಿಗೆ ಹಾಕಬೇಕು, ಲಾರಿ ಬಂದು ಒಯ್ಯುತ್ತದೆ ಎಂಬುದು ನಿಯಮ. ಡ್ರಮ್ಮು ಮೂವತ್ತು ಹೆಜ್ಜೆ ದೂರ. ಕಾಲ ಬುಡದಲ್ಲಿ ನೀರು ಹೋಗುವ ತೂತು ಇದೆ, ಕೆಳಗೆ ಸಮುದ್ರ. ಇಡೀ ತಲೆ ತೂತಿನಲ್ಲಿ ಹೋಗುವುದಿಲ್ಲವೆಂದು ತಲೆಯನ್ನು ನಾಲ್ಕಾಗಿ ಕಡಿದು ಕಾಲಿನಿಂದ ತಳ್ಳುತ್ತೇವೆ. ಎಲ್ಲರೂ ಮಾಡುತ್ತೇವೆ, ಯಾರೂ ಹೇಳುವುದಿಲ್ಲ. ಶೆಡ್ಡಿಗೆ ಬಂದವರಿಗೆ ಕಾಣುವುದು ಡ್ರಮ್ಮು. ಸೊಸೆಗೂ ಕಂಡದ್ದು ಅದೇ. ಹೀಗೆ ನಾವಿಬ್ಬರು ಓರಗಿತ್ತಿಯರು ಮೇಲಿನಿಂದ ಊಟ ಹಾಕಿದೆವು, ಮಗ ಅಲ್ಲೇ ಬಲೆ ಹಾಕಿದ, ಸೊಸೆ ಹೊಟ್ಟೆ ನೋಡಿ ವರದಿ ಬರೆದಳು. ಮನೆಮಂದಿಯೆಲ್ಲ ಸೇರಿ ಮಾಡಿದ ತಪ್ಪು.

ಎಡಚಿಗೆ ಹೇಳಿದೆ. ಅವಳು ಕತ್ತಿ ಕೆಳಗಿಟ್ಟಳು.

"ಹೇಳ್ಬೇಡ ಅಕ್ಕಾ. ಕಾಯಂ ಆಗೋ ಹೊತ್ತು. ನಾಲ್ಕು ದಿನ ಬಾಯಿ ಮುಚ್ಕೊಂಡಿದ್ರೆ ಮುಗೀತು."

"ಆಮೇಲೆ ಯಾರಾದ್ರೂ ಕಂಡುಹಿಡಿದ್ರೆ?"

"ಯಾರು ಕಂಡುಹಿಡೀತಾರೆ? ನನ್ನ ಕೊಯ್ತ ಗೊತ್ತಿರೋದು ನಿನಗೊಬ್ಬಳಿಗೆ."

ಅವಳ ಮಾತೂ ತೆಗೆದುಹಾಕುವಂಥದ್ದಲ್ಲ. ಆದರೆ ನಾನು ಬದುಕಿನಲ್ಲಿ ಕಂಡದ್ದು ಇದು: ತಪ್ಪನ್ನು ನಾವೇ ಹೇಳಿದರೆ ಕೆಲಸ ಹೋಗಬಹುದು, ಇನ್ನೊಬ್ಬರು ಹೇಳಿದರೆ ಹೆಸರು ಹೋಗುತ್ತದೆ. ಕೆಲಸ ಇನ್ನೊಂದು ಹುಡುಕಬಹುದು. ಆದರೆ "ನೀನು ತಪ್ಪು" ಎಂದು ಅತ್ತೆ ಹೇಳಿದರೆ ಯಾವ ಸೊಸೆಯ ಕಿವಿಗೂ ಅದು ನೆಟ್ಟಗೆ ಹೋಗುವುದಿಲ್ಲ. ಅದಕ್ಕೆ, "ನಾಳೆ ಬೆಳಗ್ಗೆ ಶೆಡ್ಡಿಗೆ ಬಾ. ಕಲ್ಲುತಲೆ ಬಂದಿದೆ, ಕೊಯ್ಯೋದು ನೋಡು," ಎಂದೆ.

ಬಂದಳು. ಎಡಚಿ ಮೀನು ಕೊಯ್ದಳು, ತಲೆಯನ್ನು ನಾಲ್ಕು ಮಾಡಿದಳು, ಒಂದು ತುಂಡನ್ನು ಸೊಸೆಯ ಅಂಗೈಗೆ ಇಟ್ಟು ಉಳಿದದ್ದನ್ನು ತೂತಿಗೆ ತಳ್ಳಿದಳು. ಸೊಸೆ ತುಂಡು ನೋಡಿದಳು. ತೂತು ನೋಡಿದಳು. ಆಮೇಲೆ ಒದ್ದೆ ನೆಲದ ಮೇಲೆ ಮಂಡಿಯೂರಿ, ತೂತಿಗೆ ಮುಖ ಇಟ್ಟು ಕೆಳಗೆ ನೋಡಿದಳು.

ಬಹಳ ಹೊತ್ತು ಏಳಲಿಲ್ಲ. ಅಳುತ್ತಿದ್ದಾಳೆ ಎಂದುಕೊಂಡು ಬೆನ್ನ ಮೇಲೆ ಕೈ ಇಟ್ಟೆ.

"ಒಂಬತ್ತಿವೆ ಅತ್ತೆ," ಎಂದಳು.

"ಏನು?"

"ಒಂಬತ್ತು ಶಾರ್ಕು. ಚಿಕ್ಕತ್ತೆ, ಇನ್ನೊಂದು ತಲೆ ಕೊಡಿ. ಈ ಸಲ ಎರಡೇ ತುಂಡು ಮಾಡಿ."

"ಎರಡು ತೂರಲ್ಲ ಕಣೇ."

"ಹಾಗಾದ್ರೆ ಶೆಡ್ಡಿನ ಅಂಚಿನಿಂದ ನೀರಿಗೆ ಹಾಕಿ. ನಾನು ಇಲ್ಲಿಂದ ನೋಡ್ತೀನಿ."

ನಾನು ಮೂವತ್ತು ವರ್ಷ ನಿಂತ ಜಾಗ ಅದು, ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಅವತ್ತು ಅವಳ ಪಕ್ಕದಲ್ಲಿ ಕೂತು ನೋಡಿದೆ. ಕಂಬಗಳ ನಡುವೆ ಹಸಿರು ನೀರು, ಅದರಲ್ಲಿ ಬೂದಿ ಬಣ್ಣದ ಮೈಗಳು ಒಂದಕ್ಕೊಂದು ತಾಗದೆ ಸುತ್ತುತ್ತಿದ್ದವು. ಅರ್ಧ ತಲೆ ಬಿತ್ತು. ಒಂದು ಬಂದು ಮೂಗು ತಾಗಿಸಿ ತಿರುಗಿಹೋಯಿತು. ಇನ್ನೊಂದು ಬಾಯಿ ಹಾಕಿ, ಎರಡು ಸಲ ತಲೆ ಕೊಡವಿ ಬಿಟ್ಟಿತು. ತಲೆ ಕೆಳಗಿಳಿದು ಮರಳ ಮೇಲೆ ಕೂತಿತು. ಬೆರಳುದ್ದದ ತುಂಡು ಬಿದ್ದಾಗ ಮಾತ್ರ ನೀರು ಮುಟ್ಟಿದ್ದೇ ತಡ, ಮಾಯ. ಜಗಳವಿಲ್ಲ, ಎಳೆದಾಟವಿಲ್ಲ. ಹತ್ತಿರ ಇದ್ದದ್ದು ತಿಂದಿತು, ಇಲ್ಲದ್ದು ಮುಂದಿನದಕ್ಕೆ ಕಾದಿತು. ಮದುವೆಮನೆಯ ಪಂಕ್ತಿಯಲ್ಲೂ ನಾನು ಅಂಥ ಮರ್ಯಾದೆ ನೋಡಿಲ್ಲ.

"ಎಷ್ಟು ಬುದ್ಧಿ ನೋಡಿ," ಎಂದಳು ಸೊಸೆ. "ತನ್ನ ಬಾಯಿ ಎಷ್ಟು ಅಂತ ಅದಕ್ಕೆ ಗೊತ್ತು. ಗೊತ್ತಿಲ್ಲದೆ ಇದ್ದದ್ದು ನನಗೆ."

ಆಗ ಅವಳ ಕಣ್ಣು ತುಂಬಿತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯೂ ಮೀನು. ಎಡಚಿ ತನ್ನ ತೋಳಿನಿಂದ ಒರೆಸಿದಳು.

ಆ ಮಧ್ಯಾಹ್ನವೇ ಸೀಸೆಗಳನ್ನೆಲ್ಲ ಇಳಿಸಿ, ಚೀಟಿ ನೋಡಿ ವಿಂಗಡಿಸಿದಳು. ಮೂಳೆ ಉಳಿದಿದ್ದ ಸೀಸೆಗಳಿಗೆ ಎಡಚಿ ಬೇಕಾಯಿತು. ಆಫೀಸಿನ ಮೆಟ್ಟಿಲು ಹತ್ತದವಳು ಅವತ್ತು ಹತ್ತಿ, ಕುರ್ಚಿಯ ತುದಿಯಲ್ಲಿ ಕೂತು, ಭೂತಗನ್ನಡಿ ಬೇಡವೆಂದು ಬರಿಗಣ್ಣಲ್ಲೇ ತೀರ್ಪು ಕೊಟ್ಟಳು. "ಇದು ಕತ್ತಿ. ಇದೂ ಕತ್ತಿ, ನಿಮ್ಮತ್ತೆದು, ಮೊಂಡು. ಇದು ಹಲ್ಲು."

"ಮೊಂಡು ಅಂದ್ಯಾ?" ಎಂದೆ.

"ಕೆಲಸದ ಜಾಗದಲ್ಲಿ ನಿಜ ಹೇಳ್ಬೇಕಕ್ಕಾ."

ದೊಡ್ಡ ಕಲ್ಲು ಸಿಕ್ಕಿದ ಇಪ್ಪತ್ತಾರೂ ನನ್ನ ಮಗನ ಬಲೆಯವೇ. ದೂರದ ದೋಣಿಯವರು ಕೊಟ್ಟ ನಲವತ್ತರಲ್ಲಿ ಒಂದೂ ಇರಲಿಲ್ಲ. ಅವುಗಳಲ್ಲಿ ಇದ್ದದ್ದು ಸಿಗಡಿ, ಗುಂಡಿಯಷ್ಟು ಏಡಿ, ಯಾರೂ ಮಾರದ ಸಣ್ಣ ಮೀನು. ಅತಿ ದೊಡ್ಡದೆಂದರೆ ಒಂದು ಗೇಣು.

ಮಗ ಬಾಗಿಲಲ್ಲೇ ನಿಂತಿದ್ದ. "ತಾಜಾ ಸಿಗ್ಲಿ ಅಂತ ಹತ್ತಿರ ಹಾಕಿದ್ದು ನಾನು," ಎಂದ.

"ಹತ್ತಿರ ಯಾಕಿಷ್ಟು ಸಿಗ್ತಾವೆ ಅಂತ ಕೇಳದೆ ಇದ್ದದ್ದು ನಾನು," ಎಂದಳು ಅವಳು. "ಆ ಸೀಸೆ ಈಚೆ ಕೊಡಿ."

ಮರುದಿನ ದೊಡ್ಡ ಸರ್ ಹತ್ತಿರ ಹೋದಳು. ಅವರು ಕೆಟ್ಟವರಲ್ಲ, ಸುಸ್ತಾದವರು. ಸಹಿಯಾದ ವರದಿಯನ್ನು ಈಗ ವಾಪಸ್ ಪಡೆದರೆ ಕೇಂದ್ರಕ್ಕೇ ಅವಮಾನ, ಸಭೆ ಮುಗಿದ ಮೇಲೆ ನಿಧಾನವಾಗಿ ತಿದ್ದೋಣ ಎಂದರಂತೆ. "ಅಷ್ಟರಲ್ಲಿ ಬಲೆ ಬಿದ್ದಿರುತ್ತೆ ಸರ್," ಎಂದಳಂತೆ ಇವಳು. "ನಿಮ್ಮ ಕಾಯಂ ವಿಷಯ ಯೋಚನೆ ಮಾಡಿದೀರಾ?" ಎಂದರಂತೆ. "ರಾತ್ರಿಯಿಡೀ ಅದೇ ಯೋಚನೆ ಸರ್," ಎಂದಳಂತೆ. ಕೊನೆಗೆ ಅವರು, ಹೇಳುವುದಾದರೆ ನೀವೇ ಹೇಳಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದರು. ಅಷ್ಟು ಹೇಳಲೂ ಅವರಿಗೆ ಧೈರ್ಯ ಬೇಕಾಗಿತ್ತು ಎಂದು ನನಗನಿಸುತ್ತದೆ.

ಸಭೆಯ ದಿನ ಸಂಘದ ಸಭಾಂಗಣ ತುಂಬಿತ್ತು. ಸೊಸೆ ಎದ್ದು ನಿಂತು ಪೀಠಿಕೆ ಇಲ್ಲದೆ ಹೇಳಿದಳು: "ನಾನು ಕೊಟ್ಟ ವರದಿಯಲ್ಲಿ ತಪ್ಪಿದೆ. ತಪ್ಪು ನನ್ನದು." ತೂತಿನ ವಿಷಯ ಹೇಳಿದಳು, ಸೀಸೆ ತೋರಿಸಿದಳು, ದೂರದ ದೋಣಿಗಳ ನಲವತ್ತನ್ನು ಓದಿದಳು. ನಡುವೆ ಒಂದು ಸಲ ನಿಲ್ಲಿಸಿ, ನೀರು ಕುಡಿದು, ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸಿದಳು.

ಅಧ್ಯಕ್ಷರು ಕೆಂಪಾದರು. "ಕಳೆದ ವಾರ ತಿನ್ನುತ್ತೆ, ಈ ವಾರ ತಿನ್ನಲ್ಲ! ಅತ್ತೆ ಸೊಸೆ ಅಡುಗೆಮನೆಯಲ್ಲಿ ಕೂತು ಮಾಡಿದ ವರದಿಯೇನಮ್ಮಾ ಇದು?"

ಜನ ನಕ್ಕರು. ಎಡಚಿ ಎದ್ದೇಬಿಟ್ಟಳು. "ಅಡುಗೆಮನೆ ಅಲ್ಲ ಯಜಮಾನ್ರೇ, ಕೊಯ್ಯೋ ಮನೆ. ಕೋತಿ ಮೊಸರು ತಿಂದು ಮೇಕೆ ಮೂತಿಗೆ ಒರೆಸ್ತಂತೆ. ಆ ತಲೆ ಕಡಿದು ಹಾಕಿದ್ದು ಈ ಕೈ. ಬೇಕಾದ್ರೆ ಇಲ್ಲೇ ಒಂದು ತಲೆ ತರಿಸಿ, ಕಡಿದು ತೋರಿಸ್ತೀನಿ."

ತರಿಸಿದರು. ಸುದ್ದಿಪತ್ರಿಕೆ ಹಾಸಿ, ಅಧ್ಯಕ್ಷರ ಮೇಜಿನ ಮೇಲೆಯೇ ಕಡಿದಳು. ಸೀಸೆಯ ತುಂಡು ಒಂದು ಕಡೆ, ಈಗ ಕಡಿದದ್ದು ಇನ್ನೊಂದು ಕಡೆ. ಅದೇ ಇಳಿಜಾರು, ಅದೇ ಚರ್ಮದ ನಾಲಿಗೆ. ಮುಂದಿನ ಸಾಲಿನವರು ಎದ್ದು ಬಂದು ನೋಡಿದರು, ಹಿಂದಿನವರು ಅವರ ಹೆಗಲ ಮೇಲಿನಿಂದ ಇಣುಕಿದರು. ಆಮೇಲೆ ಯಾರೂ ನಗಲಿಲ್ಲ.

"ಹಾಗಾದ್ರೆ ಕಲ್ಲುತಲೆ ಎಲ್ಲಿ ಹೋಯ್ತು?" ಎಂದರು ಅಧ್ಯಕ್ಷರು, ಈ ಸಲ ನಿಜವಾಗಿಯೇ ಕೇಳುವವರಂತೆ.

"ಗೊತ್ತಿಲ್ಲ," ಎಂದಳು ಸೊಸೆ. "ಶಾರ್ಕು ತಿಂದಿಲ್ಲ ಅನ್ನೋದಷ್ಟೇ ಗೊತ್ತು. ಉಳಿದದ್ದು ಹುಡುಕ್ಬೇಕು."

ಗೊತ್ತಿಲ್ಲ ಎಂಬ ಮಾತನ್ನು ಅಷ್ಟು ಜನರ ಎದುರು, ತಲೆ ತಗ್ಗಿಸದೆ ಹೇಳಿದವರನ್ನು ನಾನು ಹೆಚ್ಚು ಕಂಡಿಲ್ಲ.

ಬಲೆ ಕಟ್ಟುವ ಮಾತು ಅಲ್ಲಿಗೆ ನಿಂತಿತು. ತಲೆಗಳು ಇನ್ನು ಮುಂದೆ ಡ್ರಮ್ಮಿಗೇ ಎಂದು ನಮ್ಮ ಶೆಡ್ಡಿಗೆ ಎಲ್ಲರೆದುರೇ ಬೈಗುಳ ಬಿತ್ತು, ತಿಂದೆವು. ಸೊಸೆಯ ಕೆಲಸ ಕಾಯಂ ಆಗಲಿಲ್ಲ. ಕರಾರು ಇನ್ನೊಂದು ವರ್ಷ ಮುಂದುವರಿಯಿತು, ಎಲ್ಲವನ್ನೂ ಮೊದಲಿನಿಂದ ಮಾಡಬೇಕು, ಕೊಲ್ಲಿಯ ನಾಲ್ಕೂ ದಿಕ್ಕಿನಿಂದ ಶಾರ್ಕು ತರಬೇಕು ಎಂಬ ಷರತ್ತಿನೊಂದಿಗೆ. ಅವಳಿಗೆ ನೋವಾಗಿತ್ತು, ಇಲ್ಲವೆಂದರೆ ಸುಳ್ಳು. ಸಭೆ ಮುಗಿಸಿ ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದಿದ್ದಳು, ಬಿಟ್ಟಿರಲಿಲ್ಲ.

ಕೆಳಗೆ ಅಧ್ಯಕ್ಷರು ಕಾಯುತ್ತಿದ್ದರು. ಅವರ ದೋಣಿಯೇ ಎಲ್ಲರಿಗಿಂತ ದೂರ ಹೋಗುವುದು.

"ನಿಜ ಹೇಳು. ಎಷ್ಟು ದೊಡ್ಡದು ತಿನ್ನುತ್ತೆ ಅದು?"

ಸೊಸೆ ಹೆಬ್ಬೆರಳಿನಿಂದ ಕಿರುಬೆರಳಿಗೆ ಗೇಣು ಚಾಚಿ ತೋರಿಸಿದಳು.

ಅವರು ತಮ್ಮ ಅಗಲ ಕೈಯನ್ನು ಪಕ್ಕದಲ್ಲಿ ಚಾಚಿದರು. "ನಿನ್ನ ಗೇಣೋ, ನನ್ನ ಗೇಣೋ?"

"ನನ್ನದು."

"ನಾನು ನಂಬಲ್ಲ."

"ನಂಬಬೇಡಿ. ನೋಡಿ."

ಅವರು ಗಡ್ಡ ಕೆರೆದುಕೊಂಡರು. "ಸೋಮವಾರ ಬೆಳಗ್ಗೆ ಐದಕ್ಕೆ ಹೊರಡ್ತೀವಿ. ಬಲೆ ನಂದು, ಶಾರ್ಕು ನಿಂದು. ಆದ್ರೆ ಹೊಟ್ಟೆ ಬಿಚ್ಚೋವಾಗ ನಾನೂ ಪಕ್ಕದಲ್ಲಿರ್ತೀನಿ, ಕಣ್ಣಾರೆ ನೋಡ್ತೀನಿ."

"ಬನ್ನಿ ಯಜಮಾನ್ರೇ. ಆದ್ರೆ ವಾಸನೆಗೆ ವಾಂತಿ ಬಂದ್ರೆ ಹೊರಗೆ ಹೋಗ್ಬೇಕು. ನನ್ನ ತಟ್ಟೆಗೆ ಬೇರೆ ಯಾರ ಹೊಟ್ಟೇದೂ ಸೇರ್ಬಾರದು."

ಎಡಚಿ ಬಗ್ಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೊಸೆ ಆಗಲೇ ಚೀಲದಿಂದ ಪೆನ್ಸಿಲು ತೆಗೆದು, ಒಂದು ಚೀಟಿಯ ಮೇಲೆ ಸೋಮವಾರದ ತಾರೀಕು ಬರೆಯುತ್ತಿದ್ದಳು.